ಅಪ್ಪ ತಡೆದಿಟ್ಟ ಳ

ಆ ಮನುಷ್ಯನ ಅಂಗಡಿ ಮುಚ್ಚಿಸಿದ್ದು ನಾನೇ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಇವತ್ತಿಗೂ ಕೆಲವರು, ಕಾಲ ಬದಲಾಯಿತು, ಹೊಸ ಕಂಪ್ಯೂಟರು ಬಂದವು, ಅವನ ಧಂದೆ ಕೂತಿತು ಎಂದು ಹೇಳುತ್ತಾರೆ. ಕಾಲಕ್ಕೆ ಆ ಹೆಗ್ಗಳಿಕೆ ಕೊಡಲು ನನಗೆ ಮನಸ್ಸಿಲ್ಲ. ಕಾಲ ಅವನಿಗೆ ಒಂದು ಪೆಟ್ಟು ಕೊಟ್ಟಿತ್ತು, ನಿಜ. ಅದರಿಂದ ಅವನು ಎದ್ದು ನಿಲ್ಲುತ್ತಿದ್ದ. ಏಳದ ಹಾಗೆ ಮಾಡಿದವಳು ನಾನು, ಕಮಲಾಪುರದ ಬೋರ್ಡು ಬರೆಯುವವನ ಮಗಳು. ಯಾಕೆ ಮಾಡಿದೆ ಎಂದು ಹೇಳಬೇಕಾದರೆ ಅಪ್ಪ ಬೋರ್ಡು ಬರೆಯುತ್ತಿದ್ದ ರೀತಿಯನ್ನು ಮೊದಲು ಹೇಳಬೇಕು.

ಎಂಬತ್ತರ ದಶಕದಲ್ಲಿ ಕಮಲಾಪುರದಿಂದ ಕಲಬುರಗಿಯವರೆಗೆ ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಔಷಧಿ ಅಂಗಡಿ, ನಂದೂರಿನ ಬೇಳೆ ಮಿಲ್ಲುಗಳ ಗೋಡೆ, ಎಲ್ಲ ಕಡೆ ಅಪ್ಪನ ಕೈ ಇತ್ತು. ಅವನಿಗೆ ಕೆಲಸ ಕಲಿಸಿದವರು ಕಲಬುರಗಿಯ ಗಾಜಿಪುರದಲ್ಲಿದ್ದ ಉರ್ದು ಬರೆಯುವ ಒಬ್ಬ ಉಸ್ತಾದರು. ಅವರ ಕಲಮಿನ ದಪ್ಪ ತೆಳುವು ಅಪ್ಪನ ಕನ್ನಡಕ್ಕೂ ಇಳಿದಿತ್ತು. ಅಕ್ಷರ ಹೊಟ್ಟೆಯಲ್ಲಿ ತುಂಬಿಕೊಂಡು ಬಂದು ಬಾಲದಲ್ಲಿ ಸಣ್ಣಗೆ ಹರಿದು ನಿಲ್ಲುತ್ತಿತ್ತು. ಕೆಳಗೆ ಸಹಿ ಹಾಕುವ ಅಭ್ಯಾಸ ಅವನಿಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದವರು ಸಹ ಇದು ಕಮಲಾಪುರದವನ ಕೈ ಎಂದು ಹೇಳುತ್ತಿದ್ದರು.

ಉಸ್ತಾದರಿಂದ ಬಂದ ಇನ್ನೊಂದು ಪದ್ಧತಿಯಿತ್ತು. ಅಪ್ಪ ಬೋರ್ಡಿನ ಕಡೆಯ ಅಕ್ಷರವನ್ನು ಮೊದಲೇ ಬರೆಯುತ್ತಿರಲಿಲ್ಲ. ಅದರ ಜಾಗ ಖಾಲಿ ಬಿಟ್ಟು ಬೋರ್ಡನ್ನು ಅಂಗಡಿಗೆ ಏರಿಸಿ ಮನೆಗೆ ಬಂದುಬಿಡುತ್ತಿದ್ದ. ಪೂಜೆಯ ದಿನ ಅಂಗಡಿಯವರು ಅವನನ್ನು ಕರೆಸಿ, ಕೂಡಿಸಿ, ತಲೆಗೆ ರುಮಾಲು ಸುತ್ತಿ, ಕೈಗೆ ತೆಂಗಿನಕಾಯಿ ಕೊಡಬೇಕು. ಆಮೇಲೆ ಅವನು ಏಣಿ ಹತ್ತಿ ಆ ಒಂದು ಅಕ್ಷರ ಬರೆಯುವುದು, ಅದಾದ ಮೇಲೆಯೇ ಅಂಗಡಿಯ ಬಾಗಿಲು ತೆಗೆಯುವುದು. ವ್ಯಾಪಾರಸ್ಥರು ಇದನ್ನು ಶುಭವೆಂದು ನಂಬಿದ್ದರು. ಅಪ್ಪನ ಲೆಕ್ಕ ಬೇರೆ ಇತ್ತು.

“ಬೋರ್ಡ್ ಬರದವನ್ನ ಮಂದಿ ಲಗೂನ ಮರೀತಾರ ಯವ್ವಾ,” ಎನ್ನುತ್ತಿದ್ದ. “ಒಂದಕ್ಷರ ನಮ್ಮ ಕೈಯಾಗ ಇರ್ಲಿ. ಆಗ ನೆನಪಿಟ್ಟು ಕರೀತಾರ.”

ನಾನು ಪಿಯುಸಿ ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸಾಗಿ, ತೊಂಬತ್ತರ ದಶಕದ ನಡುವೆ ಸ್ಟೇಶನ್ ಬಜಾರದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರಾಗಿ ಸೇರಿದೆ. ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಕಮಲಾಪುರದಲ್ಲಿ ಬಸ್ಸು ಹತ್ತಿದರೆ ಸಂಜೆ ಅದೇ ದಾರಿಯಲ್ಲಿ ವಾಪಸು. ಪ್ರೆಸ್ಸಿನ ಮಾಲೀಕ ಆಗಿನ್ನೂ ಮೂವತ್ತರ ಆಸುಪಾಸಿನವನು, ಬೇಳೆ ವ್ಯಾಪಾರದ ಮನೆತನದವನು, ಬೆಣ್ಣೆಯಂಥ ಮಾತು. ಬಜಾರದವರು ಅವನನ್ನು ಸಾವ್ಕಾರ ಎಂದು ಕರೆಯುತ್ತಿದ್ದರು. ನಾನು ಅಣ್ಣಾರ ಎನ್ನುತ್ತಿದ್ದೆ, ಅವನು ನನಗೆ ತಂಗಿ ಎನ್ನುತ್ತಿದ್ದ. ಆ ‘ತಂಗಿ’ ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಆಗಿನ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟ ಹಾಗಿತ್ತು ಅಲ್ಲಿಯ ವ್ಯವಸ್ಥೆ. ಮನೆಗಳಿದ್ದದ್ದು ಇನ್ನೂರು ಚಿಲ್ಲರೆ. ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಇಡಿಯಾಗಿ ಇಡಲು ಜಾಗ ಸಾಲದು. ಹೀಗಾಗಿ ಅಕ್ಷರದ ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ಕೀಲಿ ಒತ್ತಿದಾಗ ಅವು ಬಂದು ಪರದೆಯ ಮೇಲೆ ಕೂಡಿಕೊಳ್ಳಬೇಕು. ಕೆಲವು ಕೂಡಿಕೊಳ್ಳುತ್ತಿರಲಿಲ್ಲ. ಅಗಲವಾದ ಅಕ್ಷರದ ಒತ್ತು ಎಲ್ಲೋ ದೂರ ಹೋಗಿ ನಿಲ್ಲುತ್ತಿತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದರೆ ಕೆಳಗಿನ ಸಾಲಿನ ತಲೆಗೆ ಬಡಿಯುತ್ತಿತ್ತು. ಮದುವೆ ಕಾರ್ಡಾದರೆ ನಾನು ಬಟರ್ ಪೇಪರಿನ ಮೇಲೆ ಪ್ರಿಂಟು ತೆಗೆದು, ತಪ್ಪಿದ ಒತ್ತನ್ನು ಬ್ಲೇಡಿನಿಂದ ಕತ್ತರಿಸಿ, ಅಂಟು ಹಚ್ಚಿ ಅದರ ಜಾಗಕ್ಕೆ ಕೂಡಿಸುತ್ತಿದ್ದೆ. ವರನ ಅಜ್ಜನ ಹೆಸರಿನ ಒತ್ತು ಫ್ಯಾನಿನ ಗಾಳಿಗೆ ಹಾರಿಹೋಗಿ, ನೆಲದ ಮೇಲೆ ಅಂಗೈ ಆಡಿಸಿ ಹುಡುಕಿದ್ದೂ ಉಂಟು.

ಗಾಜಿಪುರದ ಒಂದು ಬಟ್ಟೆ ಅಂಗಡಿಯಲ್ಲಿ ಅಪ್ಪನ ಬೋರ್ಡನ್ನು ನೋಡಿ ಬಂದ ದಿನ ಸಾವ್ಕಾರನಿಗೆ ಒಂದು ವಿಚಾರ ಹೊಳೆಯಿತು. ಕಂಪ್ಯೂಟರಿನಲ್ಲಿ ಸಿಗುವ ಕನ್ನಡ ಅಕ್ಷರಗಳೆಲ್ಲ ಬಡಕಲು, ಬೋರ್ಡಿಗೆ, ಪೋಸ್ಟರಿಗೆ ಒಪ್ಪುವುದಿಲ್ಲ ಎಂದು ಗಿರಾಕಿಗಳು ಮೊದಲೇ ಗೊಣಗುತ್ತಿದ್ದರು. “ತಂಗಿ, ಕಾಕಾನ ಅಕ್ಷರ ಕಂಪ್ಯೂಟರ್‌ನಾಗ ತರೋಣ. ಬೀದರದಿಂದ ರಾಯಚೂರ ತನಕ ಎಲ್ಲಾ ಪ್ರೆಸ್ಸಿನವರು ತೊಗೊಂಡು ಹೋಗ್ತಾರ ನೋಡು,” ಎಂದ. ಮರುದಿನವೇ ಕಮಲಾಪುರಕ್ಕೆ ಬಂದು, ನಮ್ಮ ಅಂಗಳದಲ್ಲಿ ಕೂತು, ಅಪ್ಪನನ್ನು ಕಾಕಾ ಕಾಕಾ ಎಂದು ಹೊಗಳಿ ಅಟ್ಟಕ್ಕೇರಿಸಿದ. ಅಪ್ಪ ಒಪ್ಪಿದ. ತನ್ನ ಕೈ ತಾನು ಹೋಗದ ಊರುಗಳಿಗೂ ಹೋಗುತ್ತದೆ ಎಂಬ ಮಾತು ಅವನಿಗೆ ಹಿಡಿಸಿತ್ತು.

ಬೇವಿನ ಮರದ ಕೆಳಗೆ ಹಲಗೆ ಇಟ್ಟುಕೊಂಡು, ಬಿಳಿ ಡ್ರಾಯಿಂಗ್ ಹಾಳೆಗಳ ಮೇಲೆ ಅಪ್ಪ ಅಕ್ಷರ ಬರೆಯತೊಡಗಿದ. ಒಂದು ಹಾಳೆಗೆ ಒಂದೇ ಅಕ್ಷರ. ನಾನು ಅವನ್ನು ಪ್ರೆಸ್ಸಿಗೆ ಒಯ್ದು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಮೌಸಿನಿಂದ ಅಂಚು ಹಿಡಿದು ತಿದ್ದಿ, ಹಾಳೆಗಳನ್ನು ಮನೆಗೆ ವಾಪಸು ತಂದು ಟ್ರಂಕಿನಲ್ಲಿ ಇಡುತ್ತಿದ್ದೆ. ಒಂದು ದಿನ ಪ್ರಿಂಟು ತಂದು ತೋರಿಸಿದಾಗ ಅಪ್ಪನಿಗೆ ಆಘಾತವಾಯಿತು. ಅಕ್ಷರದ ಮೈ ಬೇರೆ, ತಲೆಕಟ್ಟು ಬೇರೆ ಇದ್ದವು.

“ಎಲ್ಲಾರ ತಲಿ ಕಡದ್ ಇಟ್ಟೀಯಲ್ಲ ಯವ್ವಾ!”

“ಕಂಪ್ಯೂಟರ್‌ನಾಗ ಮತ್ತ ಕೂಡತಾವ ಅಪ್ಪಾ.”

“ನೆಟ್ಟಗ ಕೂಡಸು. ನನ್ನ ಮಾನ ಅದ ಅದರಾಗ.”

ಅ ದಿಂದ ಹಿಡಿದು ಎಲ್ಲ ಅಕ್ಷರ, ಎಲ್ಲ ಒತ್ತು ಬರೆದುಕೊಟ್ಟ ಅಪ್ಪ, ವರ್ಣಮಾಲೆಯ ಕಡೆಯ ಅಕ್ಷರವಾದ ಳ ಮಾತ್ರ ಬರೆಯಲಿಲ್ಲ. ಇದೂ ಒಂದು ಬೋರ್ಡೇ, ಊರೂರಿಗೆ ಹೋಗುವ ದೊಡ್ಡ ಬೋರ್ಡು ಎನ್ನುವುದು ಅವನ ಎಣಿಕೆ. ಪೂಜೆಯ ದಿನ ಕರೆಸಿದರೆ ಬಂದು ಎಲ್ಲರೆದುರು ಬರೆಯುತ್ತೇನೆ ಎಂದ. ಸಾವ್ಕಾರ ಕೈ ಮುಗಿದು, “ಅದರಕಿಂತ ಭಾಗ್ಯ ಏನದ ಕಾಕಾ,” ಎಂದು ಒಪ್ಪಿಕೊಂಡ. ಅವತ್ತೇ ಅಪ್ಪ ಹೊಸ ಧೋತರ ತಂದು ಇಟ್ಟ. ಒಂದು ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಎತ್ತಿಟ್ಟ. ಸಂಜೆ ನಾನು ಬಸ್ಸಿಳಿದು ಬಂದರೆ ಅವನ ಮೊದಲ ಪ್ರಶ್ನೆ, “ಪೂಜಿ ಯಾವಾಗಂತ?”

ಆ ಸಮಯದಲ್ಲಿ ನಮ್ಮ ಸೋದರತ್ತೆಯ ಮೊಮ್ಮಗುವಿನ ತೊಟ್ಟಿಲ ಕಾರ್ಯ ಬಂತು. ಒಂದು ದಿನ ರಜೆ ಕೇಳಿದೆ. “ಇನ್ನೆರಡ ದಿನ ಜಾಸ್ತಿ ಇದ್ದು ಬಾ ತಂಗಿ, ಭಾಳ ದಣದೀ,” ಎಂದ ಸಾವ್ಕಾರ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ. ವಾಪಸು ಬಂದಾಗ ಪ್ರೆಸ್ಸಿನ ಬಾಗಿಲಲ್ಲಿ ಬಾಡಿದ ಚೆಂಡುಹೂವಿನ ಮಾಲೆ ನೇತಾಡುತ್ತಿತ್ತು, ನನ್ನ ಟೇಬಲ್ಲಿನ ಮೇಲೆ ಪೇಢೆಯ ಡಬ್ಬಿ ಇತ್ತು. ಪೂಜೆ ಮುಗಿದಿತ್ತು. ದೊಡ್ಡ ದೊಡ್ಡ ಪ್ರೆಸ್ಸಿನವರು, ಊರಿನ ಗಣ್ಯರು ಬಂದು ಹೋಗಿದ್ದರು. ಅಪ್ಪನ ಅಕ್ಷರಗಳ ಆ ಫಾಂಟಿಗೆ ಸಾವ್ಕಾರ ತನ್ನದೇ ಹೆಸರಿಟ್ಟಿದ್ದ.

ನಾನು ಕಂಪ್ಯೂಟರು ಹಚ್ಚಿ ಳ ಒತ್ತಿದೆ. ಬಂತು, ಇನ್ಯಾವುದೋ ಫಾಂಟಿನಿಂದ ಎತ್ತಿ ತಂದು ಸಿಕ್ಕಿಸಿದ ಒಂದು ಬಡಕಲು ಳ. ಅಪ್ಪನ ತುಂಬು ಅಕ್ಷರಗಳ ನಡುವೆ ಅದು ಜ್ವರದಿಂದ ಎದ್ದು ಬಂದವನ ಹಾಗೆ ನಿಂತಿತ್ತು.

“ಅಣ್ಣಾರ, ಅಪ್ಪನ್ನ ಯಾಕ ಕರೀಲಿಲ್ಲ?”

“ಏ ತಂಗಿ, ದೊಡ್ಡ ಮಂದಿ ಬಂದಿದ್ರು. ಪೇಂಟರ್‌ನ ಕೂಡ್ಸಿ ರುಮಾಲ ಸುತ್ತಕೋತ ಕೂತ್ರ ಏನ್ ಅಂದಾರು? ಇದು ಕಂಪ್ಯೂಟರ್ ಕೆಲಸ.”

“ಮತ್ತ ಳ?”

“ಒಂದಕ್ಷರ. ಯಾರ್ ನೋಡ್ತಾರ?” ಎಂದು ನಕ್ಕ. “ಕಾಕಾಗ ಪೇಢಾ ಒಯ್ದು ಕೊಡು.”

ಪೇಢೆಯನ್ನು ಬಸ್ ಸ್ಟ್ಯಾಂಡಿನ ನಾಯಿಗೆ ಹಾಕಿದೆ. ಅಪ್ಪನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ, ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಬೈಯಲಿಲ್ಲ. ಸುತ್ತಿಟ್ಟಿದ್ದ ಕುಂಚವನ್ನು ಬಿಚ್ಚಿ ಉಳಿದ ಕುಂಚಗಳ ಡಬ್ಬಿಗೆ ಹಾಕಿದ, ಹೊಸ ಧೋತರವನ್ನು ಮರುದಿನ ಕೆಲಸಕ್ಕೆ ಉಟ್ಟುಕೊಂಡು ಹೋದ. ಅದರ ಮೇಲೆ ಕೆಂಪು ಬಣ್ಣದ ಕಲೆ ಮಾಡಿಕೊಂಡು ಬಂದ. ಅವನು ಕೂಗಾಡಿದ್ದರೆ ನನ್ನ ಸಿಟ್ಟು ಅರ್ಧವಾದರೂ ಇಳಿಯುತ್ತಿತ್ತೋ ಏನೋ.

ನಾನು ಪ್ರೆಸ್ಸು ಬಿಟ್ಟೆ. ಕಮಲಾಪುರದ ಬಸ್ ಸ್ಟ್ಯಾಂಡಿನ ಪಕ್ಕ, ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಸಾಲಾಗಿ ಕೂಡುವಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮೂಲೆಯನ್ನು ಬಾಡಿಗೆಗೆ ಹಿಡಿದು ನನ್ನದೇ ಕಂಪ್ಯೂಟರು ಇಟ್ಟೆ. ನನ್ನ ಮೂಲೆಗೆ ಬೋರ್ಡು ಇರಲಿಲ್ಲ. ಪೇಂಟರನ ಮಗಳ ಅಂಗಡಿಗೇ ಬೋರ್ಡಿಲ್ಲ ಎಂದು ಮಂದಿ ನಗುತ್ತಿದ್ದರು. ಸ್ವಂತ ಬಾಗಿಲು ಅಂತ ಆದ ದಿನ ಅಪ್ಪನಿಂದ ಬರೆಸುವುದೆಂದು ನಾನು ಸುಮ್ಮನಿದ್ದೆ.

ಸಾವ್ಕಾರನ ಫಾಂಟು ಮಾತ್ರ ಅವನು ಹೇಳಿದ ಹಾಗೆಯೇ ಬೀದರದಿಂದ ರಾಯಚೂರಿನವರೆಗೆ ಹೋಯಿತು. ಅದಕ್ಕೊಂದು ಬೀಗ ಮಾಡಿಸಿದ್ದ. ಡಾಂಗಲ್ ಎನ್ನುತ್ತಿದ್ದರು. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು, ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರಿನ ಕೇಬಲ್ಲು ಸಿಕ್ಕಿಸುವ ಜಾಗದಲ್ಲಿ ಸಿಕ್ಕಿಸಿದರೆ ಮಾತ್ರ ಫಾಂಟು ಕೆಲಸ ಮಾಡುತ್ತಿತ್ತು. ಅಪ್ಪನ ಅಕ್ಷರಗಳಿಗೆ ಅಪ್ಪನ ಮಗಳೇ ಕೈ ಹಚ್ಚುವ ಹಾಗಿರಲಿಲ್ಲ. ಮೊದಲು ಆಟೋಗಳ ಬೆನ್ನಿಗೆ ರೇಡಿಯಂ ಕತ್ತರಿಸಿ ಅಂಟಿಸುವವರು ಅದನ್ನು ಕೊಂಡರು. ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು ರೆಡಿ, ಅದೂ ಅಪ್ಪನ ಕೈಯಲ್ಲೇ. ಅಪ್ಪನನ್ನು ಕರೆಯುವ ಅಂಗಡಿಗಳು ಕಡಿಮೆಯಾದವು, ಆಮೇಲೆ ಹನುಮಂತನ ಗುಡಿಯ ಗೋಡೆ, ಟ್ರ್ಯಾಕ್ಟರಿನ ಹಿಂಬದಿ ಇಷ್ಟೇ ಉಳಿದವು.

ಕೆಲಸ ಹೋದದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಯಂತ್ರ ಬಂದ ಮೇಲೆ ಕೈಕೆಲಸ ಹೋಗುವುದನ್ನು ಎಲ್ಲ ಕಡೆ ನೋಡಿದ್ದೇವೆ. ನುಂಗಲಾಗದ್ದು ಆ ಳ. ನಮ್ಮ ಸೀಮೆಯಲ್ಲಿ ಳ ಇಲ್ಲದೆ ಒಂದು ದಿನ ಕಳೆಯುವುದಿಲ್ಲ. ತೊಗರಿ ಬೇಳೆ, ಕಡಲೆ ಬೇಳೆ, ಬಾಳೆ, ಜೋಳ, ಬೆಳ್ಳಿ, ಮಳಿಗೆ. ಮಿಲ್ಲಿನ ಚೀಲದ ಮೇಲೆ, ಬೆಳ್ಳಿ ಬಂಗಾರದ ಅಂಗಡಿಯ ನೆತ್ತಿಯ ಮೇಲೆ, ಎಲ್ಲೆಲ್ಲೂ ಅಪ್ಪನ ತುಂಬು ಅಕ್ಷರ, ನಡುವೆ ಆ ರೋಗಿಷ್ಠ ಳ. ನೋಡಿದವರಿಗೆಲ್ಲ ಕೈ ಅಪ್ಪನದೆಂದು ಗೊತ್ತು. ಹಾಗಾದರೆ ಳ ಕೆಡಿಸಿದವರು ಯಾರು? ಅದೂ ಅಪ್ಪನೇ ಎಂದುಕೊಂಡರು.

ಒಮ್ಮೆ ಅಪ್ಪ, ನಾನು ಬಸ್ಸಿನಲ್ಲಿ ಕಲಬುರಗಿಗೆ ಹೊರಟಿದ್ದೆವು. ಪಕ್ಕದ ಸೀಟಿನಲ್ಲಿ ಕೂತ ಹಳೆಯ ಪರಿಚಯದ ಒಬ್ಬ ವ್ಯಾಪಾರಿ, ಒಳ್ಳೆಯ ಮನಸ್ಸಿನಿಂದಲೇ, ಕನಿಕರದಿಂದಲೇ ಕೇಳಿದ, “ಏನ್ರಿ, ಈಚೀಚೆ ಕೈ ನಡಗ್ತದೇನು? ಳ ಬರೋ ಕಡೆ ಯಾಕೋ ಬಿಗಿ ತಪ್ಪೇದ ನೋಡ್ರಿ.”

ಅಪ್ಪ ಎರಡೂ ಕೈಗಳನ್ನು ಮೊಣಕಾಲ ಮೇಲಿಂದ ತೆಗೆದು ಶಾಲಿನೊಳಗೆ ಇಟ್ಟುಕೊಂಡ. “ವಯಸ್ಸಾತು,” ಎಂದ. ಆ ಕೈ ನಡುಗುತ್ತಿರಲಿಲ್ಲ. ಕಲ್ಲಿನ ಹಾಗಿತ್ತು ಆ ಕೈ. ನಾನು ಬಾಯಿ ತೆರೆದೆ, ಅಪ್ಪ ಕಣ್ಣಿನಲ್ಲೇ ತಡೆದ. ಆ ಬಸ್ಸಿನಲ್ಲೇ ನಾನು ತೀರ್ಮಾನ ಮಾಡಿದೆ. ಸಾವ್ಕಾರನ ಮೇಲೆ ಕೇಸು ಹಾಕುವುದಿಲ್ಲ, ಅವನ ಬಾಗಿಲಿಗೆ ಹೋಗಿ ಜಗಳವಾಡುವುದಿಲ್ಲ. ಅವನು ಯಾವುದನ್ನು ಮಾರಿ ಉಣ್ಣುತ್ತಿದ್ದಾನೋ ಅದನ್ನೇ ಅವನ ಕೈಯಿಂದ ಬಿಡಿಸುತ್ತೇನೆ.

ಅವಕಾಶ ಬರುವುದಕ್ಕೆ ವರ್ಷಗಳು ಹಿಡಿದವು. ಹೊಸ ಶತಮಾನ ಬಂದ ಮೇಲೆ ಯೂನಿಕೋಡ್ ಎಂಬ ಮಾತು ನಮ್ಮ ಕಡೆಗೂ ಬಂತು. ಇದರಲ್ಲಿ ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ನೆನಪಿಟ್ಟುಕೊಳ್ಳುತ್ತದೆ, ಬಾಡಿಗೆ ಮನೆ ಬೇಕಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬಹುದು. ಆದರೆ ಅಕ್ಷರ ಪರದೆಯ ಮೇಲೆ ಹೇಗೆ ಕಾಣಬೇಕು ಎಂಬುದನ್ನೆಲ್ಲ ಫಾಂಟೇ ಹೇಳಿಕೊಡಬೇಕು. ಯಾವ ಅಕ್ಷರದ ಕೆಳಗೆ ಯಾವ ಒತ್ತು ಎಷ್ಟು ಸರಿದು ಕೂಡಬೇಕು, ಎರಡು ಒತ್ತು ಬಂದರೆ ಯಾವುದು ಸಣ್ಣಗಾಗಬೇಕು, ಕೊಂಬು ಬಂದರೆ ತಲೆಕಟ್ಟು ಏನಾಗಬೇಕು, ಒಂದೊಂದಕ್ಕೂ ಒಂದೊಂದು ನಿಯಮ ಬರೆದಿಡಬೇಕು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಅದೇ ಫಾಂಟು ಒಂದು ಕಂಪ್ಯೂಟರಿನಲ್ಲಿ ನೆಟ್ಟಗೆ ಕಂಡರೆ ಇನ್ನೊಂದರಲ್ಲಿ ಸೊಟ್ಟಗೆ ಕಾಣುತ್ತಿತ್ತು. ಸರಕಾರಿ ಕಚೇರಿಗಳು ಯೂನಿಕೋಡ್ ಕೇಳತೊಡಗಿದವು, ಗಿರಾಕಿಗಳೂ ಕೇಳತೊಡಗಿದರು. ಸಾಲದ್ದಕ್ಕೆ ಹೊಸ ಕಂಪ್ಯೂಟರುಗಳ ಬೆನ್ನಿನಲ್ಲಿ ಆ ಡಾಂಗಲ್ ಸಿಕ್ಕಿಸುವ ಜಾಗವೇ ಇರಲಿಲ್ಲ. ಅದನ್ನು ಕೇಳಿದ ದಿನ ನಾನು ಮನೆಯಲ್ಲಿ ಶಾವಿಗೆ ಪಾಯಸ ಮಾಡಿಸಿದೆ.

ಟ್ರಂಕಿನಿಂದ ಅಪ್ಪನ ಹಾಳೆಗಳನ್ನು ತೆಗೆದು ನಾನು ಮೊದಲಿನಿಂದ ಶುರು ಮಾಡಿದೆ. ಈ ಸಲ ಯಾರ ತಲೆಯನ್ನೂ ಕಡಿಯುವ ಕೆಲಸವಿರಲಿಲ್ಲ. ಗೊತ್ತಾಗದ್ದನ್ನು ಇಂಟರ್ನೆಟ್ಟಿನಲ್ಲಿ ದೂರದೂರದ ಅಪರಿಚಿತರನ್ನು ಕೇಳಿ ತಿಳಿದುಕೊಂಡೆ, ಅವರು ಸಿಟ್ಟಿಲ್ಲದೆ ಹೇಳಿಕೊಟ್ಟರು. ಕಡೆಗೆ ಎಲ್ಲ ಆಯಿತು, ಳ ಒಂದನ್ನು ಬಿಟ್ಟು. ಅದನ್ನು ಒತ್ತಿದರೆ ಪರದೆಯ ಮೇಲೆ ಒಂದು ಖಾಲಿ ಡಬ್ಬಿ ಮೂಡುತ್ತಿತ್ತು. ಅಪ್ಪನ ಮುಂದೆ ಹಾಳೆ ಇಟ್ಟೆ.

“ಯಾರ ದುಕಾನದ ಪೂಜಿ ಯವ್ವಾ ಇದು?” ಎಂದು ಕೇಳಿದ.

“ಪೂಜಿ ಇಲ್ಲ. ಇದನ್ನ ನಾ ಎಲ್ಲಾರಿಗಿ ಪುಕ್ಕಟೆ ಕೊಡ್ತೀನಿ. ಅವನ ಧಂದೆ ನಿಂದರ್ತದ.”

ಅಪ್ಪ ಹಾಳೆಯನ್ನು ನನ್ನ ಕಡೆ ಸರಿಸಿದ. “ನನ್ನ ಕಡೀ ಅಕ್ಷರ ಬಾಗಲಾ ತಗಿಯಾಕ ಅದ. ಮುಚ್ಚಾಕ ನಾ ಬರಿಯಾಂಗಿಲ್ಲ.”

ನಾನು ಕೂಗಾಡಿದೆ. ಬಸ್ಸಿನಲ್ಲಿ ಆ ವ್ಯಾಪಾರಿ ಆಡಿದ ಮಾತನ್ನು ನೆನಪಿಸಿದೆ. ಅವನು ಅಲುಗಲಿಲ್ಲ. ಬೇರೆಯವರ ಫಾಂಟಿನ ಳ ತಂದು ಸಿಕ್ಕಿಸಿದರೆ ನನಗೂ ಸಾವ್ಕಾರನಿಗೂ ವ್ಯತ್ಯಾಸವೇನು? ನನ್ನ ಸೇಡು ಒಂದು ಖಾಲಿ ಡಬ್ಬಿಯ ಮುಂದೆ ಬಂದು ನಿಂತಿತ್ತು.

ಹೀಗಿರುವಾಗ ಸಾವ್ಕಾರನೇ ಕಮಲಾಪುರಕ್ಕೆ ಬಂದ. ಕೂದಲು ಉದುರಿತ್ತು, ಹೊಟ್ಟೆ ಬಂದಿತ್ತು, ಮಾತಿನ ಬೆಣ್ಣೆ ಹಾಗೇ ಇತ್ತು. ಹೈದರಾಬಾದಿನ ಒಂದು ಕಂಪನಿಯಿಂದ ಫಾಂಟಿನ ಹೊಸ ಯೂನಿಕೋಡ್ ಆವೃತ್ತಿ ಮಾಡಿಸಲು ಹೊರಟಿದ್ದ. ಅಕ್ಷರಗಳ ನಡುವೆ ಳ ಒಂದು ಹೊಂದುತ್ತಿಲ್ಲ, ಮೂಲ ಬರಹ ತನ್ನಿ ಎಂದು ಆ ಕಂಪನಿಯವರು ಪಟ್ಟು ಹಿಡಿದಿದ್ದರಂತೆ. ಯಾರೂ ನೋಡುವುದಿಲ್ಲ ಎಂದಿದ್ದನಲ್ಲ, ನೋಡಿದ್ದರು. ಅಪ್ಪನ ಕಾಲಿಗೆರಗಿ, “ತಪ್ಪಾಗ್ಯದ ಕಾಕಾ. ಈ ಸಲ ನಿಮ್ಮನ್ನ ಕರಸಿ, ಕೂಡ್ಸಿ, ಮಂದಿ ಮುಂದ ಬರಸ್ತೀನಿ. ಬರ್ತೀರಲ್ಲ?” ಎಂದ.

ಅಪ್ಪನ ಮುಖ ಅರಳಿತು. ಇಷ್ಟು ವರ್ಷ ಇಲ್ಲದ ತಪ್ಪು ಈಗ ನೆನಪಾಯಿತೇ ಎಂದು ನಾನು ಸಾವ್ಕಾರನನ್ನು ಕೇಳಿದೆ. ಅಪ್ಪ ನನ್ನನ್ನು ಗದರಿದ. “ಬಾಗಲಿಗಿ ಬಂದು ಕರ್ಯಾಕತ್ಯಾನ. ಕರದಾಗ ಹೋಗದಿದ್ರ ನಾ ಎಂಥಾ ಕಾರೀಗರ?” ಎಂದ.

ಹೋದೆವು. ಅಪ್ಪ ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಪ್ರೆಸ್ಸಿನ ಮುಂದೆ ಶಾಮಿಯಾನ ಹಾಕಿದ್ದರು, ಒಳಗೆ ಗೋಡೆಗೆ ಬ್ಯಾನರು ಕಟ್ಟಿದ್ದರು. ಬ್ಯಾನರಿನ ಮೇಲೆ ಫಾಂಟಿನ ಹೆಸರು ದೊಡ್ಡದಾಗಿತ್ತು, ಅದು ಮತ್ತೆ ಸಾವ್ಕಾರನ ಹೆಸರೇ. ಅಪ್ಪನ ಹೆಸರು ಎಲ್ಲೂ ಇರಲಿಲ್ಲ. ಅಪ್ಪ ಅದನ್ನು ಗಮನಿಸಲಿಲ್ಲವೋ, ಗಮನಿಸಿ ಸುಮ್ಮನಿದ್ದನೋ, ನಾನು ಕೇಳಲಿಲ್ಲ. ಸಾವ್ಕಾರ ಅವನ ತಲೆಗೆ ಗುಲಾಬಿ ಬಣ್ಣದ ರುಮಾಲು ಸುತ್ತಿದ, ಕಾಯಿ ಕೊಟ್ಟ. ಅಪ್ಪ ಕುಂಚ ಅದ್ದಿ, ಕೈ ಎತ್ತದೆ, ಒಂದೇ ಎಳೆತದಲ್ಲಿ ಳ ಬರೆದ. ಬಂದವರೆಲ್ಲ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಅಂಥ ಅಕ್ಷರವನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಬಣ್ಣ ಒಣಗಿದ ಮೇಲೆ ಸಾವ್ಕಾರ ಹಾಳೆಯನ್ನು ತಂದು ನನ್ನ ಕೈಗೇ ಕೊಟ್ಟ. “ತಂಗಿ, ನೀನೇ ಸ್ಕ್ಯಾನ್ ಮಾಡು. ನಿನ್ನಂಗ ಯಾರೂ ಮಾಡಂಗಿಲ್ಲ,” ಎಂದ. ಬೇಡ ಎನ್ನಲು ನಾನೇನು ಹುಚ್ಚಿಯೇ? ನನ್ನ ಹಳೆಯ ಕುರ್ಚಿಯಲ್ಲಿ ಕೂತು, ಗಾಜು ಒರೆಸಿ, ಸ್ಕ್ಯಾನ್ ಮಾಡಿದೆ. ಅವನದನ್ನು ಅವನಿಗೆ ಕೊಟ್ಟೆ. ಒಂದು ಪ್ರತಿಯನ್ನು ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡು, ಅವನೇ ಬಡಿಸಿದ ಹೋಳಿಗೆ ಉಂಡು, ಅಪ್ಪನ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಪ್ಪ ರುಮಾಲು ಬಿಚ್ಚಗೊಡಲಿಲ್ಲ.

ಹೈದರಾಬಾದಿನವರು ಅವನ ಫಾಂಟು ಕೂಡಿಸಿ ಕಳಿಸುವುದಕ್ಕೆ ಇನ್ನೂ ತಿಂಗಳುಗಳಿದ್ದವು. ನನ್ನದಕ್ಕೆ ಬೇಕಾದದ್ದು ಆ ಒಂದೇ ಅಕ್ಷರ. ಅದೇ ವಾರ ಮುಗಿಸಿ, ಫಾಂಟಿಗೆ ಅಪ್ಪನ ಹೆಸರಿಟ್ಟು ಇಂಟರ್ನೆಟ್ಟಿಗೆ ಹಾಕಿದೆ. ಅಷ್ಟಕ್ಕೆ ಬಿಡಲಿಲ್ಲ. ಸಿಡಿಗಳನ್ನು ಬರೆದು ಚೀಲದಲ್ಲಿ ಹಾಕಿಕೊಂಡು ಕಮಲಾಪುರ, ಹುಮನಾಬಾದ, ಕಲಬುರಗಿಯ ಝೆರಾಕ್ಸ್ ಅಂಗಡಿ, ಫ್ಲೆಕ್ಸ್ ಅಂಗಡಿ, ಪ್ರೆಸ್ಸು ಒಂದನ್ನೂ ಬಿಡದೆ ಹಂಚಿದೆ. ಸ್ಟೇಶನ್ ಬಜಾರದಲ್ಲಿ ಮೊದಲು ಕೊಟ್ಟದ್ದು ಸಾವ್ಕಾರನ ಎದುರಿನ ಅಂಗಡಿಗೆ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ, ನಾನು ಅವನಿಗೆ ಕಾಣುವ ಹಾಗೆಯೇ ನಿಂತು ಕೊಟ್ಟೆ. ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಅವನ ಹೊಸ ಆವೃತ್ತಿ ಡಬ್ಬಿಯಲ್ಲೇ ಉಳಿಯಿತು. ಹೈದರಾಬಾದಿಗೆ ಸುರಿದದ್ದು ನೀರಿನಲ್ಲಿ ಹೋಯಿತು. ಒಂದು ವರ್ಷ ತಿಣುಕಾಡಿ ಪ್ರೆಸ್ಸು ಮಾರಿ, ಅಣ್ಣತಮ್ಮಂದಿರ ಬೇಳೆ ಗೋದಾಮಿನಲ್ಲಿ ಲೆಕ್ಕ ಬರೆಯಲು ಕೂತ.

ಗೋದಾಮಿಗೆ ಸೇರುವ ಮುಂಚೆ ಒಮ್ಮೆ ನಮ್ಮ ಅಂಗಳಕ್ಕೆ ಬಂದಿದ್ದ. ಜಗಳಕ್ಕೆ ಬಂದನೆಂದು ನಾನು ಸೆರಗು ಬಿಗಿದು ನಿಂತೆ. ಅವನು ನನ್ನ ಕಡೆ ನೋಡಲೇ ಇಲ್ಲ.

“ಕಾಕಾ, ನೀವು ಬರದ ಅಕ್ಷರಕ್ಕ ನನ್ನ ಬಾಗಲಾ ಮುಚ್ಚಿತು,” ಎಂದ. ನೀರು ಸಹ ಕುಡಿಯದೆ ಎದ್ದು ಹೋದ.

ಅವನ ಳ ಸೇರಿಸಿ ನಾನು ಫಾಂಟು ಹಂಚಿದ್ದು ಅಲ್ಲಿಯವರೆಗೆ ಅಪ್ಪನಿಗೆ ಗೊತ್ತಿರಲಿಲ್ಲ. ತನ್ನ ಳ ಬಂದ ಮೇಲೆ ಊರಿನ ಬೋರ್ಡುಗಳೆಲ್ಲ ನೆಟ್ಟಗಾದವೆಂದು, ಅದು ಸಾವ್ಕಾರನ ಕೆಲಸವೆಂದು ಖುಷಿಯಾಗಿದ್ದ. ನಾನು ಎಲ್ಲವನ್ನೂ ಹೇಳಿದೆ. ಫಾಂಟಿಗೆ ಅವನ ಹೆಸರಿಟ್ಟದ್ದನ್ನೂ ಹೇಳಿದೆ. ಅವನಿಗೆ ಹಿಗ್ಗಾಗುತ್ತದೆ ಎಂದುಕೊಂಡಿದ್ದೆ.

“ರುಮಾಲ ಸುತ್ತಿದ್ದ ಅಂವಾ,” ಎಂದ ಅಪ್ಪ. “ಅವನ ಹೊಟ್ಟಿ ಮ್ಯಾಲ ಹೊಡದಿ. ಹೊಡದದ್ದು ನನ್ನ ಹೆಸರೀಲೆ.”

“ಅಂವಾ ನಿನಗ ಮಾಡಿದ್ದು ಮರ್ತೇನು?”

“ಮರ್ತಿಲ್ಲ. ಅದು ನನ್ನ ಮಾತಿತ್ತು. ನಾ ಮುಗಿಸಿದ್ದೆ.”

ನನಗೆ ಆಗಲೂ ತಪ್ಪು ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಬಸ್ಸಿನಲ್ಲಿ ಶಾಲಿನೊಳಗೆ ಕೈ ಬಚ್ಚಿಟ್ಟುಕೊಂಡ ಅಪ್ಪನನ್ನು ನೋಡಿದವಳು ನಾನು. ಕ್ಷಮಿಸುವುದು ಅವನ ಇಷ್ಟ, ಕ್ಷಮಿಸದಿರುವುದು ನನ್ನ ಇಷ್ಟ. ಗೋದಾಮಿನ ಮುಂದೆ ಹಾಯುವಾಗ ಆ ಮನುಷ್ಯ ಚೀಲಗಳ ನಡುವೆ ಕೂತಿರುವುದು ಕಂಡರೆ ನನಗೆ ಅವತ್ತು ಊಟ ರುಚಿಸುತ್ತಿತ್ತು.

ಮುಂದಿನ ಶ್ರಾವಣದಲ್ಲಿ ನನಗೆ ಸ್ವಂತ ಬಾಗಿಲಿನ ಅಂಗಡಿಯಾಯಿತು, ಅದೇ ಬಸ್ ಸ್ಟ್ಯಾಂಡಿನ ಎದುರು. ಬೋರ್ಡು ಬರೆದುಕೊಡು ಎಂದು ಅಪ್ಪನನ್ನು ಕೇಳಿದೆ. ಹೂಂ ಎಂದ. ತಗಡಿಗೆ ಹಸಿರು ಬಣ್ಣ ಬಳಿದು, ಒಣಗಿಸಿ, ಬೇವಿನ ಕೆಳಗೆ ಕೂತು ಬರೆಯತೊಡಗಿದ. ನಾನು ಕಲಬುರಗಿಗೆ ಹೋಗಿ, ಅಲ್ಲಿ ಸಿಕ್ಕ ರುಮಾಲುಗಳಲ್ಲೇ ಒಳ್ಳೆಯದನ್ನು ಆರಿಸಿ ತಂದೆ. ಪೂಜೆಗೆ ಬೇಕಾದದ್ದನ್ನೆಲ್ಲ ಹೊಂದಿಸಿ, ತೆಂಗಿನಕಾಯಿಯ ಜುಟ್ಟು ಬಿಡಿಸಿ, ಅರಿಶಿನ ಹಚ್ಚಿ ತಟ್ಟೆಯಲ್ಲಿ ಇಟ್ಟೆ.

ಪೂಜೆಯ ದಿನ ಬೆಳಿಗ್ಗೆ ತಟ್ಟೆ ಹಿಡಿದು ಅಂಗಡಿಗೆ ಹೋದೆ. ಬೋರ್ಡನ್ನು ಹಿಂದಿನ ದಿನವೇ ಏರಿಸಿದ್ದ. ಅದರಲ್ಲಿ ಖಾಲಿ ಜಾಗವಿರಲಿಲ್ಲ. ಮೊದಲ ಅಕ್ಷರದಿಂದ ಕಡೆಯ ಅಕ್ಷರದವರೆಗೆ ಎಲ್ಲವನ್ನೂ ಬರೆದು ಮುಗಿಸಿದ್ದ. ಅಕ್ಷರಗಳೇನೋ ಚಂದವಾಗಿದ್ದವು, ಬಣ್ಣ ಪೂರ್ತಿ ಒಣಗಿತ್ತು. ನಾನು ಮನೆಗೆ ಓಡಿದೆ. ಅಪ್ಪ ಅಂಗಳದಲ್ಲಿ ಕೂತು ಕುಂಚ ತೊಳೆಯುತ್ತಿದ್ದ.

“ಪೂರಾ ಬರದೀನಿ ಯವ್ವಾ,” ಎಂದ, ತಲೆ ಎತ್ತದೆ. “ನನ್ನ ಕರಿಯೂದೇನ್ ಬೇಕಾಗಿಲ್ಲ. ಹೋಗು, ಬಾಗಲಾ ತಗೀ.”

ಹೋಗಿ ಬಾಗಿಲು ತೆಗೆದೆ. ಗಿರಾಕಿಗಳು ಬಂದರು, ಪೇಢೆ ಹಂಚಿದೆ. ಕರೆಸಿ, ಕೂಡಿಸಿ, ರುಮಾಲು ಸುತ್ತಿ ಅಪ್ಪನಿಂದ ಕಡೆಯ ಅಕ್ಷರ ಬರೆಸಿಕೊಂಡವನು ಆ ಸಾವ್ಕಾರ. ನನಗೆ ಅದು ಸಿಗಲಿಲ್ಲ.